ಮೊದಲ ಮನೆಯ ನೆಲುವು

ಅವ್ವನಿಗೆ ಮರೆವು ಶುರುವಾಗಿದೆ ಎಂದು ನಾನು ತೀರ್ಮಾನಕ್ಕೆ ಬಂದದ್ದು ಒಂದು ನೆಲುವಿನ ಕಾರಣದಿಂದ. ಬೆಕ್ಕಿನ ಬಾಯಿಗೆ ಸಿಗಬಾರದೆಂದು ಹಾಲು ಮೊಸರಿನ ಗಡಿಗೆಗಳನ್ನು ತೊಲೆಗೆ ತೂಗುಹಾಕುತ್ತಿದ್ದ ಹಗ್ಗದ ಜಾಳಿಗೆ ಅದು. ಅವ್ವ ಅದನ್ನು ಎಡಕ್ಕೆ ಕಟ್ಟಲು ಹೇಳಿದಳು. ತೊಲೆಯಲ್ಲಿ ಅದಕ್ಕೆಂದೇ ಜಡಿದಿದ್ದ ಕಬ್ಬಿಣದ ಬಳೆ ಇದ್ದದ್ದು ಬಲಕ್ಕೆ.

ಇಷ್ಟಕ್ಕೇ ಹೆತ್ತವಳಿಗೆ ರೋಗ ಅಂಟಿಸುವ ಮಗ ಎಂಥವನಿರಬೇಕು ಎಂದು ನಿಮಗೆ ಅನ್ನಿಸಬಹುದು. ಹೇಳಿಬಿಡುತ್ತೇನೆ. ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಇತಿಹಾಸ ಕಲಿಸುವವನು. ವಯಸ್ಸು ಐವತ್ತು ದಾಟಿದೆ. ಬಳ್ಳಾರಿಯ ಕೌಲ್ ಬಜಾರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸು ಊರು ಬಿಡುತ್ತಿದ್ದಂತೆ ಗ್ಯಾಸು ಆರಿಸಿದೆಯಾ ಎಂದು ಹೆಂಡತಿಗೆ ಫೋನು ಮಾಡುತ್ತೇನೆ. ಹಚ್ಚುವವಳೂ ಅವಳೇ, ಆರಿಸುವವಳೂ ಅವಳೇ. ನಾನು ಅಡುಗೆಮನೆಗೆ ಹೋಗುವುದು ನೀರು ಕುಡಿಯಲು ಮಾತ್ರ. ಆದರೂ ಫೋನು ಮಾಡುತ್ತೇನೆ. ನನ್ನ ಹೆಗಲಚೀಲದಲ್ಲಿ ಎಲ್ಲ ಕಾಲದಲ್ಲೂ ಒಂದು ಕೊಡೆ, ಒಂದು ಟಾರ್ಚು, ಬಿ.ಪಿ. ಗುಳಿಗೆ, ಸಕ್ಕರೆ ಉಪ್ಪಿನ ಎರಡು ಪೊಟ್ಟಣ, ಮನೆಮಂದಿಯೆಲ್ಲರ ಆಧಾರ್ ಕಾರ್ಡಿನ ಜೆರಾಕ್ಸು ಇರುತ್ತವೆ. "ನಿಮಗ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ ಅದೂ ಒಂದು ಚಿಂತಿ ಆಗತೈತಿ" ಎನ್ನುತ್ತಾಳೆ ಹೆಂಡತಿ. ಅದು ನಿಜವೇ ಇರಬಹುದೇ ಎಂದು ನಾನು ಒಂದು ವಾರ ಚಿಂತೆ ಮಾಡಿದ್ದೂ ಉಂಟು.

ನೆಲುವು ಇದ್ದ ಮನೆ ಸಿರುಗುಪ್ಪ ತಾಲೂಕಿನಲ್ಲಿ, ಕರೂರಿನಿಂದ ಸ್ವಲ್ಪ ಆಚೆ, ಅವ್ವ ಹುಟ್ಟಿದ ಊರಿನಲ್ಲಿದೆ. ಊರು ಮೊದಲು ಹೊಳೆಯ ದಂಡೆಗೇ ಇತ್ತಂತೆ. ಹೊಳೆ ಪದೇ ಪದೇ ಮನೆಯೊಳಕ್ಕೆ ಬರತೊಡಗಿದಾಗ ಒಂದು ಕುಟುಂಬ ಎತ್ತರದ ದಿಬ್ಬಕ್ಕೆ ಬಂದು, ಜಾಲಿ ಕಡಿದು, ಹಾವು ಓಡಿಸಿ, ಒಂಟಿಯಾಗಿ ಒಂದು ಮನೆ ಕಟ್ಟಿತು. ಉಳಿದ ಊರು ಅದರ ಹಿಂದೆ ಬಂತು. ಅದಕ್ಕೆ ಇವತ್ತಿಗೂ 'ಮೊದಲ್ನೇ ಮನಿ' ಎಂದೇ ಹೆಸರು. ಮೊಳ ಮೊಳ ದಪ್ಪದ ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಸಿ ಬಡಿದ ಚಪ್ಪಟೆ ಮಾಳಿಗೆ. ಕಿಟಕಿ ಎಂಬುದಿಲ್ಲ. ಬೆಳಕೇನಿದ್ದರೂ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದಲೇ ಬೀಳಬೇಕು.

ಆ ಮನೆತನದವರು ಸಿರುಗುಪ್ಪ ಪೇಟೆ ಸೇರಿ ಬಹಳ ವರ್ಷವಾಗಿತ್ತು, ಮನೆಯಲ್ಲಿ ಬಾವಲಿಗಳಿದ್ದವು. ಈಗಿನ ಯಜಮಾನರು, ಅರವತ್ತೈದು ದಾಟಿದ ಸಾಧು ಮನುಷ್ಯ, ಅದನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಬಳ್ಳಾರಿಯ ಒಬ್ಬ ಆರ್ಕಿಟೆಕ್ಟ್ ಹೆಣ್ಣುಮಗಳು ಎರಡು ವರ್ಷ ಕೂತು ಗೋಡೆ ಎಬ್ಬಿಸಿ, ಹುಳ ತಿಂದ ತೊಲೆಗಳನ್ನಷ್ಟೇ ಬದಲಿಸಿ, ಮನೆಯನ್ನು ಮತ್ತೆ ಮನೆ ಮಾಡಿದರು. ಗಾಜಿನ ಪೆಟ್ಟಿಗೆಯ ಮ್ಯೂಸಿಯಂ ಬೇಡ, ಜೀವ ಇರುವಂಥದ್ದು ಬೇಕು ಎಂಬುದು ಅವರ ಹಟ. ಭಾನುವಾರ ಒಲೆ ಉರಿಯಬೇಕು, ಜೋಳ ಬೀಸಬೇಕು, ಮೊಸರು ಕಡೆಯಬೇಕು, ಹಗ್ಗ ಹೊಸೆಯಬೇಕು. ಶಾಲೆ ಮಕ್ಕಳು ಬಂದು ನೋಡಬೇಕು. ಬಂದವರಿಗೆ ಮನೆ ತೋರಿಸುವವರು ಏನು ಹೇಳಬೇಕು ಎಂದು ಬರೆದುಕೊಡುವ ಕೆಲಸ ನನಗೆ ಬಂತು. ಹದಿನಾಲ್ಕು ಪುಟ ಬರೆದೆ. ಆರ್ಕಿಟೆಕ್ಟ್ ಓದಿ, "ಸರ್, ಇದರಾಗ ತಲಿ ಜ್ವಾಪಾನ ಅಂತ ಆರು ಸಲ ಐತಿ, ಕಾಲು ಜ್ವಾಪಾನ ಅಂತ ಎಂಟು ಸಲ ಐತಿ. ಇತಿಹಾಸ ಎಲ್ಲೈತಿ?" ಎಂದರು. ಹಿಂಬದಿಯ ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳಿಗೆ ಕಬ್ಬಿಣದ ಹಿಡಿಕಂಬಿ ಹಾಕಿಸಿ ಎಂದೂ ನಾನು ಕೇಳಿದ್ದೆ. ಆ ಕಾಲದಲ್ಲಿ ಕಂಬಿ ಇರಲಿಲ್ಲ ಸರ್ ಎಂದರು. ಆ ಕಾಲದಲ್ಲಿ ಎಷ್ಟು ಜನ ಬಿದ್ದರೋ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಮನೆ ಸಿದ್ಧವಾಯಿತು, ಆದರೆ ಒಳಗೆ ಯಾವುದು ಎಲ್ಲಿತ್ತು ಎಂದು ಹೇಳುವವರಿರಲಿಲ್ಲ. ಯಜಮಾನರು ಮೂರು ವರ್ಷದವರಿದ್ದಾಗಲೇ ಅವರ ತಾಯಿ ತೀರಿಹೋಗಿ, ಸೋದರಮಾವನ ಮನೆಯಲ್ಲಿ ಬೆಳೆದವರು. ಅವರಿಗೆ ನೆನಪಿರುವುದು ಬೆಲ್ಲದ ಗಡಿಗೆಯ ವಾಸನೆ ಒಂದೇ. ಆಗ ಟ್ರಸ್ಟಿನ ಸಭೆಯಲ್ಲಿ ನಾನು ಎದ್ದು, "ನಮ್ಮವ್ವ ಆ ಮನ್ಯಾಗ ಕೆಲಸ ಮಾಡ್ಯಾಳ" ಎಂದೆ. ಮೊದಲೇ ಯೋಚಿಸಿ ಚಿಂತೆ ಮಾಡದೆ ನಾನು ಆಡಿದ ಮಾತು ಬಹುಶಃ ಅದೊಂದೇ. ಪರಿಣಾಮವೂ ಹಾಗೇ ಆಯಿತು.

ಅವ್ವನಿಗೆ ಎಂಬತ್ತರ ಆಜುಬಾಜು. ಆಧಾರ್ ಕಾರ್ಡಿನ ಪ್ರಕಾರ ಜನವರಿ ಒಂದರಂದು ಹುಟ್ಟಿದಳು, ನಮ್ಮ ಕೇರಿಯ ಅವಳ ವಾರಗೆಯವರೆಲ್ಲ ಹುಟ್ಟಿದ ಹಾಗೆ. ಮದುವೆಯಾಗಿ ಬಳ್ಳಾರಿಗೆ ಬರುವತನಕ ಊರ ಹೊರಗಿನ ತನ್ನ ಕೇರಿಯಿಂದ ಮೊದಲ ಮನೆಗೆ ಕೂಲಿಗೆ ಹೋದವಳು. ಚಿಕ್ಕಂದಿನಿಂದ ಅವಳ ಬಾಯಲ್ಲಿ ಆ ಮನೆಯನ್ನು ಕೇಳಿದ್ದೇನೆ. ವಾಡೆ, ಅಂದರೆ ಜೋಳ ತುಂಬಿಡುವ ಆಳೆತ್ತರದ ಮಣ್ಣಿನ ಕಣಜ, ಎಲ್ಲಿತ್ತು, ಬೀಸುಕಲ್ಲು ಎಲ್ಲಿತ್ತು, ಮೊಸರಿನ ನೆಲುವು ಎಲ್ಲಿ ತೂಗುತ್ತಿತ್ತು. ನಮ್ಮ ಮನೆಯಲ್ಲಿ ಟ್ರಂಕು ತೆರೆದರೆ ಸಿಗುವ ಹಳೆಯ ಕಾಗದ ಪತ್ರ ಒಂದೂ ಇಲ್ಲ. ಅಜ್ಜನ ಫೋಟೊ ಇಲ್ಲ, ಹೊಲದ ಪಹಣಿ ಇಲ್ಲ, ಯಾಕೆಂದರೆ ಹೊಲವೇ ಇರಲಿಲ್ಲ. ನಮ್ಮ ದಫ್ತರವೆಲ್ಲ ಅವ್ವನ ಬಾಯಿ. ಅವಳು ಹೀಗಿತ್ತು ಎಂದರೆ ಹಾಗೆ ಇತ್ತು.

ಅವಳನ್ನು ಕರೆದುಕೊಂಡು ಹೋದ ದಿನ ಯಜಮಾನರು ಬಾಗಿಲಲ್ಲೇ ಕಾಯುತ್ತಿದ್ದರು. "ಬರ್ರಿ ಅಮ್ಮ, ಒಳಗ ಬರ್ರಿ." ಅವ್ವ ಹೊಸ್ತಿಲ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ನಾನು ಮಂಡಿನೋವೆಂದುಕೊಂಡು ಚೀಲದಲ್ಲಿ ಗುಳಿಗೆ ಹುಡುಕಿದೆ. ಒಳಗೆ ಬಂದ ಮೇಲೂ ಅವಳು ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ; ತಲೆಯೆತ್ತಿ ಜಂತಿ ನೋಡುತ್ತ ನಿಂತಳು. ಆರ್ಕಿಟೆಕ್ಟ್ ನೋಟ್‌ಬುಕ್ ತೆರೆದು, "ವಾಡೆ ಎಲ್ಲಿತ್ತಮ್ಮ?" ಎಂದು ಕೇಳಿದರು.

"ಎಡಕ. ಆ ತುದಿ ಮೂಲ್ಯಾಗ."

ಎಡಗಡೆ ತುದಿಯ ಮೂಲೆಯಲ್ಲಿದ್ದದ್ದು ಬಚ್ಚಲು. ಬಚ್ಚಲ ಮಗ್ಗುಲಿಗೆ ವರ್ಷದ ಜೋಳ ಇಡುವ ಹೆಡ್ಡರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಬೀಸುಕಲ್ಲು ಇಲ್ಲಿ ಎಂದು ಅವ್ವ ತೋರಿಸಿದ ಕಡೆ ನೆಲ ನುಣ್ಣಗಿತ್ತು. ಕಲ್ಲು ಕೂತು ಕೂತು ಬಿದ್ದ ದುಂಡನೆಯ ತಗ್ಗು ಇದ್ದದ್ದು ಅದರ ಎದುರು ಮೂಲೆಯಲ್ಲಿ. ಆಮೇಲೆ ನೆಲುವು. ಅವ್ವ ಎಡಕ್ಕೆ ಕೈ ಮಾಡಿದಳು. ನಾವೆಲ್ಲ ಬಲಗಡೆ ತೊಲೆಯಲ್ಲಿ ತೂಗುತ್ತಿದ್ದ ಖಾಲಿ ಬಳೆಯನ್ನು ನೋಡಿದೆವು. ಅವ್ವನೂ ಆ ಬಳೆಯನ್ನು ನೋಡಿದಳು.

"ಪರವಾಲೇದು ಬಿಡ್ರಿ" ಎಂದರು ಯಜಮಾನರು. "ವಯಸ್ಸಾದ ಮ್ಯಾಲ ಹಂಗ ಆಗತೈತಿ."

ಆರ್ಕಿಟೆಕ್ಟ್ ನೋಟ್‌ಬುಕ್ ಮುಚ್ಚಿ, "ತುಂಬಾ ಸಹಾಯ ಆತಮ್ಮ" ಎಂದರು. ಆ ದನಿ ನನಗೆ ಪರಿಚಯದ್ದು. ಮೂವತ್ತೈದಕ್ಕೆ ಎರಡು ಅಂಕ ಕಡಿಮೆ ಬಿದ್ದ ಹುಡುಗನ ಉತ್ತರ ಪತ್ರಿಕೆಯ ಮೇಲೆ 'ಪ್ರಯತ್ನ ಚೆನ್ನಾಗಿದೆ' ಎಂದು ಬರೆಯುವಾಗ ನನ್ನ ಪೆನ್ನಿಗೆ ಬರುವ ದನಿ ಅದು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತ ಕೂತಳು. ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಒಮ್ಮೆ, "ಅಲ್ಲೇ ಇತ್ತಲೇ" ಎಂದಳು. ನಾನು "ಹೂಂ ಅವ್ವ" ಎಂದೆ. ಹುಷಾರಿಲ್ಲದವರಿಗೆ ಹೂಂ ಎನ್ನುವ ಹಾಗೆ.

ಆ ವಾರ ನಾನು ಮನೆಯಲ್ಲಿ ಪರೀಕ್ಷೆ ನಡೆಸಿದೆ. ಬೆಳಿಗ್ಗೆ ಏನು ತಿಂದೆ ಅವ್ವ? ಇವತ್ತು ಯಾವ ವಾರ? "ಮಂಡಕ್ಕಿ ಒಗ್ಗರಣಿ ತಿಂದೆ. ನಿನ್ನ ಮುಂದ ಕುಂತು ತಿಂದೆ. ನಿನಗ ಮರತೈತೇನು?" ಎಂದಳು. ಕೊನೆಗೆ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅವ್ವ ಒಂದು ದುಂಡು ಬರೆದು ಕಾಗದ ವಾಪಸು ಕೊಟ್ಟಳು. "ಮುಳ್ಳು ಬರಿಯಾಕ ನಾ ಸಾಲಿಗಿ ಹೋಗಿಲ್ಲಪ್ಪ. ಹೊತ್ತು ಎಷ್ಟಾತು ಅಂತ ಕೇಳು, ಹೇಳ್ತೀನಿ." ಕಿಟಕಿಯ ಬಿಸಿಲು ನೋಡಿ, "ಹನ್ನೊಂದೂವರಿ" ಎಂದಳು. ಡಾಕ್ಟರು ಕೈಗಡಿಯಾರ ನೋಡಿಕೊಂಡು, "ನಿಮ್ಮ ತಾಯಿ ಆರಾಮ ಅದಾರ. ನೀವು ಬರ್ರಿ ಇಲ್ಲಿ, ನಿಮ್ಮ ಬಿ.ಪಿ. ನೋಡೂಣು" ಎಂದರು. ನೂರೈವತ್ತರ ಮೇಲಿತ್ತು.

ನನಗೆ ಸಮಾಧಾನವಾಗಲಿಲ್ಲ. ಆ ಬಳೆ ಬಲಕ್ಕಿತ್ತಲ್ಲ. ಆದರೆ ಆಗ ಗಾಬರಿ ನನ್ನೊಬ್ಬನದೇ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವ್ವ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತು ಬೆರಳು ಮಡಿಚುತ್ತ ಬಾಯಲ್ಲೇ ಏನೋ ಎಣಿಸುತ್ತಿದ್ದಳು. ಹತ್ತಿರ ಹೋದೆ. ಊರಿನ ಬಸ್ಸು ನಿಲ್ಲುವ ಜಾಗಗಳನ್ನು ಒಂದಾದ ಮೇಲೊಂದು ಹೇಳಿಕೊಳ್ಳುತ್ತಿದ್ದಳು: ಸಿರಿಗೇರಿ ಕ್ರಾಸು, ತೆಕ್ಕಲಕೋಟಿ, ಸಿರುಗುಪ್ಪ, ಕರೂರು. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಬೆರಳು ಬಿಚ್ಚಿದಳು.

"ಲೇ, ಇನ್ನ ಮ್ಯಾಲ ನಾ ಹೇಳಿದ್ದು ಯಾರೂ ನಂಬೂದಿಲ್ಲಲ್ಲ?"

"ಹಂಗ್ಯಾಕಂತಿ ಅವ್ವ" ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅದೇ ದಿನ ಆರ್ಕಿಟೆಕ್ಟ್ ಫೋನು ಮಾಡಿ, ಅಮ್ಮ ಹೇಳಿದ್ದನ್ನು ಕೈಬಿಡುತ್ತೇವೆ, ಗುರುತು ನೋಡಿಕೊಂಡು ನಾವೇ ಅಂದಾಜಿನ ಮೇಲೆ ಇಡುತ್ತೇವೆ, ಬೇಜಾರಿಲ್ಲ ತಾನೇ ಎಂದು ಕೇಳಿದರು. ಇಲ್ಲ ಎಂದೆ. ಹಾಗೆಂದ ಮೇಲೆ ಎದೆ ಹಗುರಾಯಿತು, ಅದು ಹೇಳಿಕೊಳ್ಳಲು ನಾಚಿಕೆಯ ಸಂಗತಿ. ಅವ್ವ ಮತ್ತೆ ಆ ಮನೆಗೆ ಹೋಗಬೇಕಿಲ್ಲ, ಮತ್ತೆ ತಪ್ಪು ಹೇಳಬೇಕಿಲ್ಲ, ನಾನು ಮತ್ತೆ ಆ ಬಳೆಯ ಕೆಳಗೆ ನಿಲ್ಲಬೇಕಿಲ್ಲ.

ನಮ್ಮ ಮನೆಯ ಹಿಂದುಗಡೆಗೆ ನೆರೆಯ ಸಾಬರ ವೆಲ್ಡಿಂಗ್ ಶೆಡ್ಡು. ಗ್ರಿಲ್ಲು, ಗೇಟು, ಏಣಿ ಮಾಡುತ್ತಾರೆ. ಶೆಡ್ಡಿನ ಅರ್ಧಕ್ಕೆ ತಗಡಿಲ್ಲ, ನಮ್ಮ ತಾರಸಿಯಿಂದ ಇಣುಕಿದರೆ ಒಳಗಿನದೆಲ್ಲ ಕಾಣುತ್ತದೆ. ಒಂದು ಮಧ್ಯಾಹ್ನ ಅವ್ವ ತಾರಸಿಯಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಅವಳು ಕಟ್ಟೆಗೆ ಕೈಯಿಟ್ಟು ಬಗ್ಗಿಯಾಳು ಎಂಬ ಭಯದಿಂದ ನಾನು ಬಾಗಿಲ ಹತ್ತಿರ ಪೇಪರು ಓದುವವನ ಹಾಗೆ ಕೂತಿದ್ದೆ. ಅವ್ವ ಬಗ್ಗಿಯೇ ಬಿಟ್ಟಳು.

"ಏನ್ ಹುಡುಕಾಕ ಹತ್ತೀಯಪ್ಪ ಅವಾಗಿಂದ?"

"ಟೇಪು ಅಮ್ಮಾ, ಅಳತಿ ಟೇಪು" ಎಂದು ಕೆಳಗಿನಿಂದ ಬಂತು. "ಮುಂಜಾನಿಂದ ದಿಮಾಗ್ ಖರಾಬ್ ಆಗೈತಿ."

"ಅಲ್ಲೇ ಐತಲ್ಲ. ಎಡಕ, ಪೈಪಿನ ಹಿಂದ."

ತಗಡು ಸರಿಸುವ ಸದ್ದು. "ಇಲ್ಲಮ್ಮಾ."

"ಎಡಕಪ್ಪ, ಎಡಕ."

"ಎಡಕ್ಕೇ ನೋಡಾಕ ಹತ್ತೀನಿ. ಇಲ್ಲಿ ಪೈಪೂ ಇಲ್ಲ, ಟೇಪೂ ಇಲ್ಲ. ಮಾಸ್ತರ್ ಹೇಳಿದ್ದು ಖರೇನಾ ಹಂಗಾರ, ನಿಮಗ ಸ್ವಲ್ಪ..."

ಅವ್ವ ತಿರುಗಿ ನನ್ನನ್ನು ನೋಡಿದಳು. ನಾನು ಪೇಪರು ಎತ್ತಿ ಹಿಡಿದೆ. ಊರ ತುಂಬ ಹೇಳಿರಲಿಲ್ಲ. ನೆರೆಯವರಿಗೆ, ಹಾಲಿನವನಿಗೆ, ಮೆಡಿಕಲ್ ಶಾಪಿನವನಿಗೆ ಮಾತ್ರ ಹೇಳಿದ್ದೆ, ಅವಳು ದಾರಿ ತಪ್ಪಿದರೆ ಗುರುತು ಹಿಡಿಯಲಿ ಎಂದು.

ನೆರೆಯವರು ತಮ್ಮ ಮಾತು ಎಲ್ಲಿ ತಾಗಿತೆಂದು ತಿಳಿದು ಪೆಚ್ಚಾಗಿ ತಾರಸಿಗೇ ಹತ್ತಿ ಬಂದರು. ಅವ್ವನ ಮಗ್ಗುಲಿಗೆ ನಿಂತು ಕೆಳಗೆ ನೋಡಿದರು. "ಅರೆ" ಎಂದರು. "ಬರಾಬರ್ ಐತಿ. ಎಡಕ್ಕೇ ಐತಿ, ಪೈಪಿನ ಹಿಂದ." ತಮ್ಮ ಎರಡು ಕೈಗಳನ್ನೂ ನೋಡಿಕೊಂಡು ನಕ್ಕರು. "ಅಮ್ಮಾ, ನೀವು ಮ್ಯಾಲಿಂದ ಆ ಕಡಿ ಮಖ ಮಾಡಿ ಹೇಳ್ತೀರಿ. ನಾನು ಕೆಳಗ ನಿಮ್ಮ ಕಡಿ ಮಖ ಮಾಡಿ ನಿಂತೀನಿ. ನಿಮಗ ಎಡ, ನನಗ ಬಲ. ನಿಮ್ಮ ದಿಮಾಗ್ ಪಸಂದ್ ಐತಿ, ನನ್ನದಾ ತಪ್ಪು."

ಅವರು ಇಳಿದುಹೋದ ಮೇಲೆ ಅವ್ವ ಮೆಣಸಿನಕಾಯಿಗೆ ಕೈ ಹಾಕಿದಳು. ನಾನು ಪೇಪರು ಕೆಳಗಿಟ್ಟೆ. ಕೇಳಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಒದ್ದಾಡಿ ಕೇಳಿದೆ.

"ಅವ್ವ, ಮೊದಲ್ನೇ ಮನಿಗಿ ನೀ ಕೂಲಿಗಿ ಹೋಗ್ತಿದ್ದೆಲ್ಲ, ಒಳಗ ಯಾವ ಬಾಗಲಿಂದ ಹೋಗ್ತಿದ್ದಿ? ಮುಂದಿಂದೋ ಹಿಂದಿಂದೋ?"

ಅವ್ವ ನನ್ನನ್ನು ನಾನು ಎಳೆ ಕೂಸೋ ಎಂಬಂತೆ ನೋಡಿದಳು. "ಬಾಗಲ? ನಮಗ್ಯಾಕ ಬಾಗಲ? ನಾನು ಮಾಳಿಗಿ ಮ್ಯಾಲ."

ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಸವಳು ಮಣ್ಣು ಹಾಕಿ ಬಡಿಯಬೇಕು. ಬೆಳೆ ಬೆಳೆಯದ ಜಾಗದಲ್ಲಿ ಸಿಗುವ ಉಪ್ಪುಪ್ಪಾದ ಬಿಳಿಮಣ್ಣು ಅದು; ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರೂ ಇಳಿಯುವುದಿಲ್ಲ. ಅವ್ವ ಹನ್ನೆರಡು ವರ್ಷದವಳಿದ್ದಾಗಿನಿಂದ ತಲೆಯ ಮೇಲೆ ಪುಟ್ಟಿ ಹೊತ್ತು, ಹಿಂಬದಿ ಗೋಡೆಯ ಆ ಕಲ್ಲುಗಳ ಮೇಲೆ ಕಾಲಿಟ್ಟು ಹತ್ತುತ್ತಿದ್ದಳು. ಮನೆಯೊಳಗಿಂದಲೂ ಮಾಳಿಗೆಗೆ ಏಣಿ ಇತ್ತು. ಅದು ಮನೆಯವರಿಗೆ. ಮಣ್ಣು ಒಳಗೆ ಬೀಳಬಾರದೆಂದು ಬೆಳಕಿಂಡಿಯ ಮೇಲೆ ಕಲ್ಲಿನ ಮುಚ್ಚಳ ಎಳೆಯುವುದು, ಬಡಿದಾದ ಮೇಲೆ ಸರಿಸುವುದು ಅವಳ ಕೆಲಸ. ಎಳೆಯುವ ಮುಂಚೆ, ಸರಿಸಿದ ಮೇಲೆ, ಅವಳು ನೋಡುತ್ತಿದ್ದಳು. ಕೆಳಗಿನಿಂದ ಮನೆಯೊಡತಿ, "ಮುಚ್ಚಲೇ, ಮಣ್ಣು ಬೀಳತೈತಿ" ಎನ್ನುವತನಕ.

"ಅಲ್ಲವ್ವ, ಮತ್ತ ನೀ ಒಳಗ ಯಾವತ್ತೂ ಹೋಗಿಲ್ಲಂತ ಹೇಳಲೇ ಇಲ್ಲ."

"ಹೋಗೀನಿ ಅಂತ ಯಾವಾಗ ಹೇಳಿದ್ನಿ? ನೋಡೀನಿ ಅಂದೆ. ನೀನು ಇತಿಹಾಸ ಕಲಸಾವ. ಇದನ್ನೂ ನಾ ಹೇಳಬೇಕೇನು?"

ಯಾರು ಯಾವ ಬಾವಿಗೆ ಹೋಗಬಾರದಿತ್ತು, ಯಾವ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು ಎಂದು ಪ್ರತಿ ವರ್ಷ ಹತ್ತನೆಯ ತರಗತಿಗೆ ಹೇಳುತ್ತೇನೆ. ಪ್ರಶ್ನೆ ತೆಗೆದು ಅಂಕ ಕೊಡುತ್ತೇನೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಅದು ಯಾಕೆ ಅಲ್ಲಿಗೆ ಬಂತೆಂದೂ ಗೊತ್ತು. ಆದರೆ ನನ್ನ ಅವ್ವ ಒಂದು ಮನೆಯನ್ನು ವರ್ಣಿಸುವಾಗ ಅವಳು ನಿಂತದ್ದು ಎಲ್ಲಿ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ನನ್ನ ಹದಿನಾಲ್ಕು ಪುಟ ಮುಂಬಾಗಿಲಿನಿಂದ ಶುರುವಾಗುತ್ತಿತ್ತು. ಚಿಂತೆ ಮಾಡುವುದರಲ್ಲಿ ಇಷ್ಟು ಪಳಗಿದ ಮನುಷ್ಯ, ಮಾಡಬೇಕಾದ ಒಂದು ಚಿಂತೆಯನ್ನು ಬಿಟ್ಟುಬಿಟ್ಟಿದ್ದೆ.

ಅವ್ವ ಮೆಣಸಿನಕಾಯಿ ಬಿಟ್ಟು ಎದ್ದು ನಿಂತಳು. "ಹಿಂದಿನ ಗ್ವಾಡಿಯಿಂದ ಹತ್ತಿ, ಬೀದಿ ಕಡಿ ಮಖ ಮಾಡಿ ನೋಡ್ತಿದ್ದೆ" ಎಂದು ಕೈಯಾಡಿಸಿದಳು. "ಮೊನ್ನಿ ಬೀದಿ ಕಡೀಲಿಂದ ಒಳಗ ಹೋದ್ನೆಲ್ಲ." ಎರಡೂ ಅಂಗೈಗಳನ್ನು ಮುಂದೆ ಚಾಚಿ, ತಿರುವಿಹಾಕಿ ನೋಡಿಕೊಂಡಳು. ಆಮೇಲೆ, "ನನ್ನ ಮಾಳಿಗಿಗಿ ಕರಕೊಂಡು ಹೋಗು" ಎಂದಳು.

ಎಂಬತ್ತರ ಮುದುಕಿ ಹಿಡಿಕಂಬಿಯಿಲ್ಲದ ಕಲ್ಲು ಹತ್ತುವುದನ್ನು ಯೋಚಿಸಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ನೆರೆಯವರೇ ದಾರಿ ಮಾಡಿದರು. ಎರಡೂ ಕಡೆ ಪೈಪಿನ ಹಿಡಿಕೆಯಿರುವ ಅಗಲವಾದ ಕಬ್ಬಿಣದ ಏಣಿಯೊಂದನ್ನು ಮಾಡಿ, ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಅವರೂ ಬಂದರು. ಆರ್ಕಿಟೆಕ್ಟರ ಮುಖ ನೋಡಿಯೇ, "ಗ್ವಾಡಿಗಿ ಏನೂ ಆಗೂದಿಲ್ಲ ಮೇಡಂ, ತುದಿಗಿ ಗೋಣಿಚೀಲ ಸುತ್ತೀನಿ" ಎಂದರು. ನಾನು ಅವ್ವ ಕಲ್ಲುಗಳನ್ನೇ ಹತ್ತುತ್ತೇನೆಂದು ಹಟ ಹಿಡಿದಾಳು, ಕಣ್ಣಲ್ಲಿ ನೀರು ತಂದಾಳು ಎಂದೆಲ್ಲ ಸಿದ್ಧನಾಗಿದ್ದೆ. ಅವಳು ಕಲ್ಲು ನೋಡಿದಳು, ಏಣಿ ನೋಡಿದಳು. "ಆವಾಗ ಬ್ಯಾರೆ ಇರಲಿಲ್ಲ. ಈಗ ಐತಲ್ಲ" ಎಂದು ಚಪ್ಪಲಿ ಕಳೆದು ಏಣಿಯ ಮೇಲೆ ಕಾಲಿಟ್ಟಳು. ನಾನು ಹಿಂದೆ, ಎರಡೂ ಕೈ ಎತ್ತಿಕೊಂಡು, ಮೂಟೆ ಇಳಿಸಿಕೊಳ್ಳುವ ಹಮಾಲನ ಹಾಗೆ ಹತ್ತಿದೆ.

ಮೇಲೆ ಹೋದವಳು ಮೊದಲು ಮಾಡಿದ್ದು ಬೆಳಕಿಂಡಿ ನೋಡುವುದಲ್ಲ. ಕೂತು, ಮಾಳಿಗೆಯ ಮಣ್ಣು ಉಗುರಿನಿಂದ ಕೆರೆದು ನಾಲಗೆಗೆ ಹಚ್ಚಿಕೊಂಡಳು. ಸಕ್ಕರೆ ಉಪ್ಪಿನ ಪೊಟ್ಟಣಕ್ಕೆ ನನ್ನ ಕೈ ಹೋಯಿತು.

"ಸಪ್ಪಗೈತಿ" ಎಂದಳು. ಕೆಳಗೆ ನಿಂತ ಆರ್ಕಿಟೆಕ್ಟ್‌ಗೆ ಕೇಳುವಂತೆ, "ಎಲ್ಲಿ ಮಣ್ಣವ್ವ ಇದು?" ಎಂದು ಕೂಗಿದಳು.

"ಕೆರಿದಮ್ಮ."

"ಉಪ್ಪಿಲ್ಲ. ಮೊದಲ್ನೇ ಮಳಿಗೇ ಸೋರತೈತಿ."

ಆಮೇಲೆ ಬೆಳಕಿಂಡಿಯ ಕಲ್ಲನ್ನು ಇಬ್ಬರೂ ಸರಿಸಿದೆವು. ಅವ್ವ ಬೀದಿಯ ಕಡೆ ಮುಖ ಮಾಡಿ, ಮಂಡಿಯೂರಲಾರದೆ ಪಕ್ಕಕ್ಕೆ ಒರಗಿ ಕೂತು, ಒಳಗೆ ನೋಡಿದಳು. ಕೆಳಗೆ ಆರ್ಕಿಟೆಕ್ಟ್, ಯಜಮಾನರು, ನೆರೆಯವರು ತಲೆಯೆತ್ತಿ ನಿಂತಿದ್ದರು. ವಾಡೆ ಅಲ್ಲಿ ಎಂದಳು. ಅಲ್ಲಿ ಎಂದರೆ ಮುಂಬಾಗಿಲ ಮಗ್ಗುಲ ಮೂಲೆ, ಬಚ್ಚಲಿಗೆ ತೀರ ಎದುರು; ಆರ್ಕಿಟೆಕ್ಟ್ ಗೋಣಿ ಸರಿಸಿದರೆ ನೆಲದಲ್ಲಿ ದೊಡ್ಡದೊಂದು ದುಂಡು ಕಲೆ. ಬೀಸುಕಲ್ಲು ಅದರ ತಗ್ಗಿನಲ್ಲೇ ಕೂತಿತು. ನೆಲುವನ್ನು ಯಜಮಾನರೇ ಹಿಡಿದುಕೊಂಡು ನಿಂತಿದ್ದರು. "ಈ ಕಡಿ ಬಾರಪ್ಪ. ಇನ್ನೊಂದು ಹೆಜ್ಜಿ. ಹಾಂ. ತಲಿ ಮ್ಯಾಲ ನೋಡು" ಎಂದಳು ಅವ್ವ. ಅವರ ತಲೆಯ ಮೇಲೆ ಬಳೆಯಿತ್ತು.

ಆರ್ಕಿಟೆಕ್ಟ್ ಮತ್ತೆ ನೋಟ್‌ಬುಕ್ ತೆರೆದರು. ಆಮೇಲೆ ಅವ್ವ ಹೇಳಿದ್ದೊಂದನ್ನೂ ಅವರು ಗುರುತು ಹುಡುಕಿ ತಾಳೆ ನೋಡಲಿಲ್ಲ, ಬರೆದುಕೊಳ್ಳುತ್ತ ಹೋದರು. ನಾನದನ್ನು ಗಮನಿಸಿದೆ. ಅವ್ವನೂ ಗಮನಿಸಿರಬೇಕು, ದನಿ ಸ್ವಲ್ಪ ಏರಿತ್ತು.

"ಈ ಬೆಳಕು ಬೀಳೋ ಕಡಿ ಒಂದು ಕೂಸು ಮಲಗಸ್ತಿದ್ರು, ಎಣ್ಣಿ ಹಚ್ಚಿ. ಬಿಸಿಲು ಸರದಂಗ ಕೂಸಿನ ಚಾಪಿ ಎಳಕೊಂತ ಹೋಗೂದು. ಹಡದಾಕಿ ಮಗ್ಗಲಿಗೇ ಕುಂತು ತಲಿ ಬಾಚಿಕೊಳ್ಳೂದು."

"ಆ ಕೂಸು ನಾನೇ" ಎಂದರು ಯಜಮಾನರು. "ಅಮ್ಮ, ನಮ್ಮವ್ವಂದು ಫೋಟೊ ಒಂದೂ ಇಲ್ಲ. ಹೆಂಗಿದ್ಲು ನೋಡಾಕ?"

ಅವ್ವ ಬೆಳಕಿಂಡಿಯ ಅಂಚು ಹಿಡಿದು ಇನ್ನಷ್ಟು ಬಗ್ಗಿದಳು. "ಬೈತಲಿ ನೋಡೀನಪ್ಪ. ಮಖ ನೋಡಿಲ್ಲ."

ಯಜಮಾನರು ಕೈಯಲ್ಲಿದ್ದ ನೆಲುವನ್ನು ಬಳೆಗೆ ಸಿಕ್ಕಿಸಿ ಬೆಳಕಿಂಡಿಯ ಕೆಳಗೆ ಬಂದು ನಿಂತರು.

"ಮ್ಯಾಲಿಂದ ಬೈತಲಿನಾ ಕಾಣೂದು. ಮಖ ಕಾಣಬೇಕಂದ್ರ ಆಕಿ ತಲಿ ಎತ್ತಿ ಮ್ಯಾಲ ನೋಡಬೇಕಿತ್ತು. ನೋಡಲಿಲ್ಲ. ಬೈಯುವಾಗನೂ ಕೆಳಗ ನೋಡಿಕೊಂತಾ ಬೈತಿದ್ಲು."

ಯಜಮಾನರ ಬೋಳುತಲೆಯ ಮೇಲೆ ಬೆಳಕು ಬಿದ್ದಿತ್ತು. "ಬೈತಲಿ ನೆಟ್ಟಗಿತ್ತೇನ್ರಿ?" ಎಂದು ಕೇಳಿದರು.

"ಸ್ವಲ್ಪ ಎಡಕ ಸರದಿತ್ತು" ಎಂದಳು ಅವ್ವ. ಆಮೇಲೆ, "ನನ್ನ ಎಡಕ" ಎಂದು ಸೇರಿಸಿದಳು.

ಅವರು ಏನೋ ಹೇಳಲು ಹೊರಟರು. "ಅಮ್ಮ, ನೀವು ಹಂಗಾರ ಒಳಗ ಯಾವತ್ತೂ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಮೊನ್ನಿ ಬಂದಿದ್ನೆಲ್ಲಪ್ಪ" ಎಂದಳು ಅವ್ವ. "ದಾರಿ ತಪ್ಪಿತ್ತು."

ನನ್ನ ಹದಿನಾಲ್ಕು ಪುಟವನ್ನು ಆಮೇಲೆ ಹರಿದುಹಾಕಿದೆ. ಈಗ ಬಂದವರಿಗೆ ಮೊದಲು ಮುಂಬಾಗಿಲು ತೋರಿಸುವುದಿಲ್ಲ. ಹಿಂದಿನ ಗೋಡೆಗೆ ಕರೆದೊಯ್ದು, ನೆರೆಯವರ ಏಣಿಯಿಂದ ಹತ್ತಿಸಿ, ಬೆಳಕಿಂಡಿಯಲ್ಲಿ ಇಣುಕಿಸಿ, ಆಮೇಲೆ ಇಳಿಸಿ ಒಳಗೆ ಕರೆಯುತ್ತೇವೆ. ಮಕ್ಕಳಿಗೆ ಎಡ ಬಲ ತಪ್ಪುತ್ತದೆ. ತಪ್ಪಲಿ ಎಂದು ಬಿಡುತ್ತೇವೆ, ಆಮೇಲೆ ಯಾಕೆ ತಪ್ಪಿತೆಂದು ಹೇಳುತ್ತೇವೆ. ಮಾಳಿಗೆಗೆ ಸವಳು ಮಣ್ಣು ಬಂತು, ಪ್ರತಿ ಪುಟ್ಟಿಯನ್ನೂ ಅವ್ವ ನಾಲಗೆಯಲ್ಲಿ ನೋಡಿಯೇ ಹಾಕಿಸಿದಳು. 'ಕಾಲು ಜೋಪಾನ' ಎಂಬುದು ಹೊಸ ಬರಹದಲ್ಲಿ ಹನ್ನೊಂದು ಸಲ ಬರುತ್ತದೆ. ಈ ಸಲ ಆರ್ಕಿಟೆಕ್ಟ್ ತಕರಾರು ಮಾಡಲಿಲ್ಲ.

ಆದರೆ ಅವ್ವ ಮಾಳಿಗೆ ಹತ್ತಿದ ಆ ದಿನ ಇನ್ನೂ ಮುಗಿದಿರಲಿಲ್ಲ. ಹೇಳುವುದೆಲ್ಲ ಹೇಳಿ ಅವ್ವ ಎದ್ದಳು. ನೆರೆಯವರು ಓಡಿಬಂದು ಕೆಳಗೆ ಏಣಿ ಹಿಡಿದರು. ಅವಳು ಒಂದೊಂದೇ ಮೆಟ್ಟಿಲು ಇಳಿದಳು. ನನ್ನ ಸರದಿ ಬಂದಾಗ ನಾನು ಏಣಿಯ ತುದಿಯಲ್ಲಿ ನಿಂತು ಕೆಳಗೆ ನೋಡಿದೆ, ಎರಡು ಹೆಜ್ಜೆ ಹಿಂದೆ ಸರಿದೆ. ಹತ್ತುವಾಗ ಅವ್ವನ ಚಿಂತೆಯಲ್ಲಿ ನನ್ನ ಚಿಂತೆ ಮರೆತಿತ್ತು.

"ಬರ್ರಿ ಮಾಸ್ತರ್" ಎಂದರು ನೆರೆಯವರು.

"ಮುಚ್ಚಳ ಮುಚ್ಚಿ ಬರ್ತೀನಿ" ಎಂದು ನೆಪ ಹೇಳಿ ಬೆಳಕಿಂಡಿಯ ಹತ್ತಿರ ಹೋಗಿ ಕೂತೆ. ಕಲ್ಲನ್ನು ಅರ್ಧ ಎಳೆದೆ. ಅಂಚಿನ ಮಣ್ಣು ಉದುರಿತು. ಕೆಳಗೆ ಯಾರೋ ಒಳಗೆ ಬಂದ ಸದ್ದು. ಬೆಳಕಿನ ತುಂಡಿನೊಳಕ್ಕೆ ಒಂದು ಬಿಳಿಯ ತಲೆ ಬಂತು, ಎಣ್ಣೆ ಹಚ್ಚಿ ಎರಡು ಭಾಗ ಮಾಡಿದ ಬೈತಲೆ. ಅವ್ವ ಮನೆಯನ್ನು ಸುತ್ತಿಹೋಗಿ ಮುಂಬಾಗಿಲಿನಿಂದ ಬಂದಿದ್ದಳು. ಈ ಸಲ ಹೊಸ್ತಿಲಲ್ಲಿ ನಿಂತಂತೆ ಕಾಣಲಿಲ್ಲ. ನೇರವಾಗಿ ಬಲಕ್ಕೆ ಹೋಗಿ ನೆಲುವನ್ನು ಒಮ್ಮೆ ಕೈಯಿಂದ ತೂಗಿ ನೋಡಿ, ಬೆಳಕಿಗೆ ವಾಪಸು ಬಂದು ನಿಂತಳು. ಅವಳ ಭುಜದ ಮೇಲೆ ನಾನು ಬೀಳಿಸಿದ ಮಣ್ಣಿತ್ತು.

ಅವ್ವ ಅದನ್ನು ಕೊಡವಿಕೊಂಡು ತಲೆಯೆತ್ತಿದಳು.

"ಮುಚ್ಚಲೇ, ಮಣ್ಣು ಬೀಳತೈತಿ" ಎಂದಳು.

ನಾನು ತಕ್ಷಣ ಮುಚ್ಚಲಿಲ್ಲ. ಅವಳು ಇನ್ನೂ ಮೇಲೆ ನೋಡುತ್ತಿದ್ದಳು.